ನೆವಿಲ್ ಕಂಡ ಗಂಡು ಓತಿ

"ಇದರ ತಲೆ ಯಾವ ಕಡೆ?" ಎಂದು ಲೋರ್ನಾ ಕೇಳಿದ್ದೇ ಅನಾಹುತಕ್ಕೆ ಮೂಲವಾಯಿತು.

ಮರ್ರೆ ನದಿ ದಡದ ಆ ಪುಟ್ಟ ಊರಿನಲ್ಲಿ ಓತಿಗಳ ವಿಷಯ ಯಾರು ಕೇಳಿದರೂ, ಕೇಳದಿದ್ದರೂ, ಉತ್ತರ ಕೊಡುತ್ತಿದ್ದವನು ನೆವಿಲ್ ಸ್ಕೋಬಿ. ನಿವೃತ್ತನಾದ ಮೇಲೆ ಅಗಲ ಅಂಚಿನ ಟೋಪಿಯೊಂದನ್ನು ಕೊಂಡಿದ್ದ. ಅದರ ಜತೆ ಪಾಂಡಿತ್ಯವೂ ಪುಕ್ಕಟೆ ಬಂದಿದೆಯೆಂದು ಅವನ ನಂಬಿಕೆ.

ಪಕ್ಕದ ಮನೆಯ ಲೋರ್ನಾಳ ನಲ್ಲಿಯ ಕೆಳಗೆ ತೂಕಡಿಕೆ ಓತಿ ಎಂದು ಊರಿನವರು ಕರೆಯುವ ಮಂದಗತಿಯ ಓತಿಯೊಂದು ಸೀದುಹೋದ ಬ್ರೆಡ್ಡಿನಂತೆ ಬಿದ್ದಿತ್ತು. ಮೈತುಂಬ ಒರಟು ಹುರುಪೆ, ಮೊಂಡು ತಲೆ, ತಲೆಯಷ್ಟೇ ಮೊಂಡಾದ ಬಾಲ.

ನೆವಿಲ್ ಮಂಡಿಯೂರಿದ. "ನೋಡು, ಈ ಕಡೇದು ಬಾಲ. ಆ ದಪ್ಪಗಿರೋದು ತಲೆ. ತಲೆ ಇಷ್ಟು ದಪ್ಪ ಇದ್ರೆ ಗಂಡೇ. ಹೊಟ್ಟೆ ನೋಡು, ಬಿಯರ್ ಕುಡಿದವನ ಹೊಟ್ಟೆ!"

"ನೀ ಬಾಲ ಅಂದಿದ್ರಲ್ಲಿ ಕಣ್ಣು ಇದ್ದಂಗಿದೆಯಲ್ಲೋ?"

"ಅದು ಮಚ್ಚೆ ಕಣೇ," ಎಂದು ನೆವಿಲ್ ಹೆಬ್ಬೆರಳಿಂದ ಮುಟ್ಟಿ ತೋರಿಸಿದ.

ಮಚ್ಚೆಯ ಕೆಳಗೊಂದು ಬಾಯಿ ತೆರೆಯಿತು. ಹೆಬ್ಬೆರಳು ಒಳಗೆ ಹೋಯಿತು. ಬಾಯಿ ಮುಚ್ಚಿತು.

ಈ ಓತಿಗೆ ವಿಷವಿಲ್ಲ. ಕಚ್ಚಿದ್ದನ್ನು ಬಿಡುವ ಅಭ್ಯಾಸವೂ ಇಲ್ಲ. ನೆವಿಲ್ ಅರಚಿದ್ದಕ್ಕೆ ಬೀದಿಯೇ ಬಂತು. ಲೋರ್ನಾ ಪೈಪಿನಿಂದ ನೀರು ಬಿಟ್ಟಳು, ಒದ್ದೆಯಾದವನು ನೆವಿಲ್. ಪಬ್ಬಿನ ಡೆಸ್ ಓಡಿಬಂದು ಓತಿಯ ಮೂತಿಗೆ ಬಿಯರ್ ಸುರಿದ. ಓತಿ ಹಾಯಾಗಿ ಕಣ್ಣು ಮುಚ್ಚಿತು.

"ಗಂಡಿನ ದವಡೆ!" ನೆವಿಲ್ ನೋವಿನಲ್ಲೂ ಪಾಠ ನಿಲ್ಲಿಸಲಿಲ್ಲ. "ಹೆಣ್ಣಿಗೆ ಇಷ್ಟು ಹಿಡಿತ ಎಲ್ಲಿರುತ್ತೆ?"

"ಇಷ್ಟು ವರ್ಷ ನನ್ನ ಜತೆ ಬಾಳ್ವೆ ಮಾಡಿಯೂ ಹೀಗಂತೀಯಾ?" ಎಂದಳು ಹೆಂಡತಿ ಗ್ಲೆನಿಸ್. ಡೆಸ್‌ನ ವ್ಯಾನಿಗೆ ಗಂಡನನ್ನು ದಬ್ಬಿದಳು.

ಬೀದಿಗೆ ಬೀದಿಯೇ ಪಶುವೈದ್ಯೆ ಹೈಡಿಯ ಬಾಗಿಲಿಗೆ ಬಂದಿತು. ಅಲ್ಲಿ ಕೂತಿದ್ದ ನಾಯಿಗಳೂ ನೆವಿಲ್‌ನ ಮುಖ ನೋಡಿ ಬೇರೆ ಕಡೆ ತಿರುಗಿದವು.

"ಬೇಗ ಬಿಡ್ಸಿ ಡಾಕ್ಟ್ರೇ. ಮುದಿ ಗಂಡು ಇದು, ಬಲು ಹಠಮಾರಿ. ತಲೆ ನೋಡಿದ್ರೇ ಗೊತ್ತಾಗುತ್ತೆ."

ಹೈಡಿ ತಲೆ ನೋಡಲಿಲ್ಲ. ಓತಿಯ ಹೊಟ್ಟೆಯನ್ನು ಮೆಲ್ಲಗೆ ಸವರಿದಳು, ಬಾಲದ ಬುಡ ನೋಡಿದಳು, ಕೋಣೆಯ ಪರದೆ ಎಳೆದಳು.

"ಯಾರೂ ಗಲಾಟೆ ಮಾಡ್ಬೇಡಿ. ನೆವಿಲ್, ನಿನ್ನ ಮುದಿ ಗಂಡಿಗೆ ಹೆರಿಗೆ ನೋವು ಬಂದಿದೆ."

ಈ ಜಾತಿಯ ಓತಿ ಮೊಟ್ಟೆಯಿಡದೆ ಮರಿಯನ್ನೇ ಹಾಕುತ್ತದೆ. ಎಲ್ಲರೂ ನೋಡುತ್ತಿದ್ದಂತೆ ಮೇಜಿನ ಮೇಲೆ ಒಂದು ಮರಿ ಜಾರಿ ಬಂತು, ತಾಯಿಯದೇ ಅಚ್ಚು. ಲೋರ್ನಾ ಕಣ್ಣೊರೆಸಿಕೊಂಡಳು. ಡೆಸ್ ಟೋಪಿ ತೆಗೆದ.

"ನನ್ನ ಬೆರಳು?" ನೆವಿಲ್ ಗೋಗರೆದ.

"ಒಳಗೆ ಇನ್ನೊಂದಿದೆ. ಈಗ ತಾಯೀನ ಎಳೆದಾಡೋ ಹಾಗಿಲ್ಲ. ಆ ಬೆರಳೇ ಅವಳಿಗೆ ಆಸರೆ. ಅಲ್ಲಾಡಬೇಡ."

ಗ್ಲೆನಿಸ್ ತನ್ನ ಶಾಲು ತೆಗೆದು ಓತಿಗೆ ಹೊದಿಸಿದಳು. ಬೆನ್ನು ನೇವರಿಸುತ್ತ, "ಸ್ವಲ್ಪ ತಡ್ಕೊಳ್ಳಮ್ಮಾ, ಇನ್ನೇನು ಆಗೋಯ್ತು," ಎಂದಳು. ಜ್ವರ ಬಂದಾಗಲೂ ಗಂಡನಿಗೆ ಅವಳಿಂದ ಇಷ್ಟು ಮೃದುವಾದ ಮಾತು ಸಿಕ್ಕಿರಲಿಲ್ಲ.

ನೆವಿಲ್ ಗಂಟಲು ಸರಿಮಾಡಿಕೊಂಡ. "ಹಾಗೆ ನೋಡಿದ್ರೆ, ಕೆಲವು ಜಾತಿ ಗಂಡು ಓತಿಗಳೂ..."

"ನೆವ್," ಎಂದಳು ಗ್ಲೆನಿಸ್, ತಲೆಯೆತ್ತದೆ. "ಮೊದಲು ನೀನು ಬಾಯಿ ಮುಚ್ಚು ಮಾರಾಯ. ಆಮೇಲೆ ಅವಳು ಬಾಯಿ ಬಿಡ್ತಾಳೆ."