ಟಿಕ್ ಅಂದ ಬಂದೂಕು

"ಈ ಸಲ ನಮ್ಮ ಮೆಕ್ಕೆಜೋಳದಾಗೆ ಒಂದೇ ಒಂದು ತೆನೆ ಮಂಗನ ಬಾಯಿಗೆ ಹೋತು ಅಂದ್ರೆ, ನಾನು ವಿರೂಪಾಕ್ಷಪ್ಪನ ಮಗನೇ ಅಲ್ಲ!"

ಹಿಂಗಂತ ನಾನು ಜಗುಲಿ ಮೇಲೆ ನಿಂತು, ಇಡೀ ಓಣಿಗೆ ಕೇಳೋ ಹಂಗೆ ಘೋಷಣೆ ಮಾಡಿದೆ. ಒಳಗಿಂದ ನನ್ನ ಹೆಂಡ್ತಿ ಹೇಮಾವತಿ, ರೊಟ್ಟಿ ಬಡಿಯೋದು ನಿಲ್ಲಿಸದೇನೇ ಉತ್ತರ ಕೊಟ್ಲು.

"ಹಂಗಾರೆ ಯಾರ ಮಗ ಅಂತ ಈಗ್ಲೇ ಹೇಳ್ಬಿಡ್ರಿ. ನ್ಯಾಮತಿಗೆ ಹೋದಾಗ ಆಧಾರ್ ಕಾರ್ಡಿನಾಗೆ ತಂದೆ ಹೆಸರು ತಿದ್ದಿಸ್ಕಂಡು ಬರಬೌದು."

ನೋಡಿದ್ರಾ? ಗಂಡ ವೀರಾವೇಶದಾಗೆ ನಿಂತಿದ್ರೆ ಆರತಿ ಎತ್ತೋದು ಬಿಟ್ಟು ಆಧಾರ್ ಕಾರ್ಡ್ ಎತ್ತತಾಳೆ!

ನಾನು ಗುರುಬಸವರಾಜ್, ಗೋವಿನಕೋವಿಯವನು. ನ್ಯಾಮತಿಯಾಗೆ ನಂದೊಂದು ಅಂಗಡಿ ಐತೆ. ಸುಟ್ಟೋದ ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತಿ ಜೀವ ಕೊಡೋ ಕೆಲಸ. ಸತ್ತ ಮೋಟರನ್ನೇ ಎಬ್ಬಿಸೋ ನಂಗೆ ಜುಜುಬಿ ಮಂಗ ಓಡಿಸೋದು ಯಾವ ದೊಡ್ಡ ವಿಷಯ?

ಆದ್ರೆ ನಿಜ ಹೇಳ್ತೀನಿ, ಆ ಜೋಳ ನಂದಲ್ಲ, ಹೇಮಾವತಿದು. ಮನೆ ಹಿಂದಿನ ಒಂದು ಎಕರೆಗೆ ಈ ವರ್ಷ ಭತ್ತ ಬ್ಯಾಡ, ಮೆಕ್ಕೆಜೋಳ ಹಾಕಾನ ಅಂದೋಳು ಅವಳು. ನಾನು ಹೊಟ್ಟೆ ಹಿಡ್ಕಂಡು ನಕ್ಕಿದ್ದೆ. ಅವಳೇ ಬಿತ್ತಿಸಿದ್ಲು, ಅವಳೇ ಕಳೆ ತೆಗೆದ್ಲು, ಹುಳ ಬಿದ್ದಾಗ ಬೆನ್ನಿಗೆ ಕ್ಯಾನ್ ಕಟ್ಕಂಡು ಅವಳೇ ಔಷಧಿ ಹೊಡೆದ್ಲು. ಈಗ ನೋಡಿದ್ರೆ ಮೊಳದುದ್ದದ ತೆನೆ! ಊರಿನೋರೆಲ್ಲ ಬೇಲಿ ಹತ್ರ ನಿಂತು ನೋಡ್ಕಂಡು ಹೋಗ್ತಾರೆ. ನಕ್ಕಿದ್ದ ಬಾಯಿ ಎಲ್ಲಿ ಇಟ್ಕಳ್ಳೋದು ಹೇಳ್ರಿ? ಬೆಳೆದ ಕೀರ್ತಿ ಅವಳಿಗೆ ಹೋತು, ಕಾಯ್ದ ಕೀರ್ತಿನಾದ್ರೂ ನಂಗಿರಲಿ ಅಂತ ಹಠಕ್ಕೆ ಬಿದ್ದೆ.

"ರೀ, ತೆನೆ ಬಲಿತೈತೆ. ಜಗಳೂರಿನ ತಿಪ್ಪೇಶಪ್ಪ, ಬೊಮ್ಮಕ್ಕ ಆಳು ಕಟ್ಕಂಡು ಬಂದು ಪಕ್ಕದ ಹೊಲದಾಗೇ ತೆನೆ ಮುರಿತಾ ಅದಾರೆ. ನಮ್ಮದೂ ಮುರಿಸ್ಬಿಡಾನ. ಮಂಗ ಬಿದ್ರೆ ಆರು ತಿಂಗಳ ಗೇಯ್ಮೆ ಹಾಳಾಗಿ ಹೋಗತೈತೆ," ಅಂದ್ಲು ಹೇಮಾವತಿ.

"ಇನ್ನೊಂದು ವಾರ ಗಿಡದ ಮ್ಯಾಲೇ ಒಣಗಲಿ. ನಾನಿದೀನಿ, ಬಂದೂಕೈತೆ!"

"ಅದೇ ಭಯ," ಅಂದ್ಲು.

ಕಾಯಿಪಲ್ಯ ತಿನ್ನೋರ ಮನೇಲಿ ಬಂದೂಕು ಯಾಕೆ ಅಂತೀರಾ? ನಮ್ಮಪ್ಪ ವಿರೂಪಾಕ್ಷಪ್ಪ ಬೆಳೆ ಕಾಯಾಕೆ ಅಂತ ಲೈಸೆನ್ಸ್ ಮಾಡಿಸಿ ಇಟ್ಟಿದ್ದ ಕೇಪಿನ ಬಂದೂಕು ಅದು. ಈಗ ಲೈಸೆನ್ಸ್ ನನ್ನ ಹೆಸರಿಗೆ ಐತೆ. ನಲವತ್ತು ವರ್ಷದಾಗೆ ಅದರಿಂದ ಒಂದು ಸೊಳ್ಳೆನೂ ಸತ್ತಿಲ್ಲ. ಗುಂಡು ಹಾಕೋದೇ ಇಲ್ಲ. ಮದ್ದು ಹಾಕಿ, ತೆಂಗಿನ ನಾರು ತುರುಕಿ, ಆಕಾಶಕ್ಕೆ ಹಿಡಿದು ಬರೀ ಶಬ್ದ ಮಾಡೋದು. ಅಷ್ಟಕ್ಕೇ ಮಂಗ ಪರಾರಿ. ಹಿಂದುಗಡೆ ಕಡ್ಲೆಕಾಳಿನಷ್ಟು ಒಂದು ತಾಮ್ರದ ಟೋಪಿ ಇಡ್ತಾರಲ್ಲ, ಅದೇ ಕೇಪು. ಅದರ ತಲೆಗೆ ಏಟು ಬಿದ್ರೆ ಕಿಡಿ ಹಾರಬೇಕು, ಕಿಡಿ ಹಾರಿದ್ರೆ ಮದ್ದು ಹತ್ತಬೇಕು. ಕೇಪು ಕೈಕೊಟ್ರೆ ಬಂದೂಕು ಬರೀ ಊರುಗೋಲು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಮಂಗನ ಸೈನ್ಯ ಬಂತು. ಮೂವತ್ತಕ್ಕೆ ಕಮ್ಮಿ ಇಲ್ಲ. ಮುಂದೆ ಒಂದು ಗಡವ, ಅಂದ್ರೆ ಗುಂಪಿನ ಯಜಮಾನ ಗಂಡು ಮಂಗ, ಹಿಂದೆ ಸಂಸಾರ, ಹೊಟ್ಟೆಗೆ ಕಚ್ಕಂಡ ಮರಿಗಳು. ನಾನು ತಲೆಗೆ ರುಮಾಲು ಸುತ್ತಿ, ಬಂದೂಕು ಹಿಡಿದು ಹೊಲದ ಬದುವಿನ ಮೇಲೆ ನಿಂತೆ. ಪಕ್ಕದ ಹೊಲದಿಂದ ತಿಪ್ಪೇಶಪ್ಪ, ಬೊಮ್ಮಕ್ಕ ಕೆಲಸ ಬಿಟ್ಟು ನೋಡಾಕೆ ಬಂದ್ರು. ಬೊಮ್ಮಕ್ಕ ಎರಡೂ ಕಿವಿ ಮುಚ್ಕಂಡ್ಲು. ಆಹಾ, ಏನು ಗೌರವ! ನಾನು ಉಸಿರು ಬಿಗಿ ಹಿಡಿದು ಟ್ರಿಗರ್ ಎಳೆದೆ.

ಟಿಕ್!

ಅಷ್ಟೇ.

ಗಡವ ಒಮ್ಮೆ ತಿರುಗಿ ನೋಡ್ತು. ಆಮೇಲೆ ತೆನೆ ಸಿಪ್ಪೆ ಸುಲಿಯೋದು ಮುಂದುವರಿಸ್ತು.

"ಏನ್ರೀ, ಸೈಲೆಂಟ್ ಮೋಡಿಗೆ ಹಾಕೀರೇನು?" ಅಂದ್ಲು ಹಿಂದೆ ಬಂದು ನಿಂತಿದ್ದ ಹೇಮಾವತಿ.

ಕೇಪು ಬದಲಾಯಿಸಾಕೆ ಕೈ ಹಾಕಿದೋನು ಗಕ್ಕನೆ ನಿಂತೆ. ನಮ್ಮಪ್ಪನ ಕಟ್ಟಪ್ಪಣೆ ಒಂದಿತ್ತು. 'ಟಿಕ್ ಅಂದ ಬಂದೂಕನ್ನ ನಂಬಬ್ಯಾಡ. ಬಾಯಿ ಆಕಾಶಕ್ಕೆ ಹಿಡಿದು ನೂರು ಎಣಿಸು.' ಕಿಡಿ ಒಳಗೇ ಕುಂತಿದ್ದು ತಡವಾಗಿ ಹತ್ತಬೌದಂತೆ. ಸರಿ, ಎಣಿಸಾಕೆ ಶುರು ಮಾಡಿದೆ. ಅರವತ್ತೊಂದು, ಅರವತ್ತೆರಡು ಅನ್ನೋ ಹೊತ್ತಿಗೆ ಹೇಮಾವತಿ ಫೋನ್ ಹಿಡ್ಕಂಡು ಕೂಗಿದ್ಲು.

"ರೀ, ಚನ್ನಗಿರಿಯಿಂದ ಸಂಧ್ಯಾರಾಣಿ ಮಾತಾಡ್ತಾ ಅದಾಳೆ! ದೀಪಾವಳಿಗೆ ಅಪ್ಪಾಜಿಗೆ ಶರ್ಟ್ ತರ್ತಾಳಂತೆ. ಸೈಜ್ ಎಷ್ಟು?"

"ನಲವತ್ತೆರಡು!" ಅಂದೆ. ಮಗಳ ಪ್ರೀತಿಗೆ ಕಣ್ಣು ತುಂಬಿ ಬಂತು. "ನಲವತ್ತಮೂರು, ನಲವತ್ತನಾಕು..."

ನೂರು ಮುಟ್ಟೋದ್ರೊಳಗೆ ಮಂಗಗಳು ಎರಡು ಸಾಲು ಮುಗಿಸಿದ್ವು!

ಎರಡನೇ ಕೇಪು. ಟಿಕ್! ಮತ್ತೆ ನೂರು. ಮೂರನೇದು. ಟಿಕ್! ಮತ್ತೆ ನೂರು. ನಾಲ್ಕನೇದಕ್ಕೆ ಮಂಗನ ಮರಿಗಳು ತಾಯಿ ಹೊಟ್ಟೆ ಬಿಟ್ಟು ಬದುವಿಗೇ ಬಂದು, ನನ್ನ ಎದುರಿಗೆ ಸಾಲಾಗಿ ಕುಂತ್ವು. ಬೊಮ್ಮಕ್ಕ ಕಿವಿಯಿಂದ ಕೈ ಯಾವಾಗ್ಲೋ ತೆಗೆದಿದ್ಲು.

"ಯಜಮಾನ್ರೇ, ಅದನ್ನ ತಿರುಗಾಮುರುಗಾ ಹಿಡ್ಕಂಡು ಬೀಸಿದ್ರೆ ಮಂಗ ಓಡ್ತಾವೆ ಕಣ್ರೀ," ಅಂದ ತಿಪ್ಪೇಶಪ್ಪ. ಅವನ ಮುಖದಾಗೆ ಪಾಪ, ನಿಜವಾದ ಕಳಕಳಿ ಇತ್ತು. ಅದೇ ನಂಗೆ ತಡಕಳಾಕೆ ಆಗಲಿಲ್ಲ.

ಕೊನೆಗೆ ಹೇಮಾವತಿನೇ ಕೋಲು ಹಿಡ್ಕಂಡು, ಬೊಮ್ಮಕ್ಕನ ಕರ್ಕಂಡು ಹೊಲಕ್ಕೆ ನುಗ್ಗಿ ಮಂಗ ಓಡಿಸಿದ್ಲು. ತಿಂದು ಬಿಸಾಕಿದ ತೆನೆಗಳನ್ನ ಆರಿಸಿ ಸೆರಗಿಗೆ ತುಂಬ್ಕಂಡು ಬಂದ್ಲು. ನನ್ನ ಮುಂದೇ ಸುರುವಿ ಒಂದೊಂದೇ ಎಣಿಸಿದ್ಲು. ಬೈದಿದ್ರೆ ಚೆನ್ನಾಗಿತ್ತು. ಅವಳು ಎಣಿಸೋದು ನೋಡಿ ನನ್ನ ಹಠ ಇನ್ನೂ ಎರಡು ಪಟ್ಟಾತು.

ಕೇಪಿಗೆ ತೇವ ಹತ್ತೈತೆ, ಒಣಗಿಸಿದ್ರೆ ಆತು ಅಂತ ನನ್ನ ಮೋಟರ್ ರಿಪೇರಿ ಬುದ್ಧಿ ಹೇಳ್ತು.

"ಹೇಮಾ, ರೊಟ್ಟಿ ಹಂಚು ಖಾಲಿ ಐತೇನು?"

"ಕೇಪಿನ ಡಬ್ಬಿ ತಗಂಡು ಅಡುಗೆಮನೆ ಹೊಸಿಲು ದಾಟಿದ್ರೆ ನೋಡ್ರಿ! ಹಂಚಿನ ಮೇಲೆ ಮೊದಲು ನಿಮ್ಮನ್ನೇ ಬೇಯಿಸ್ತೀನಿ!"

ಸರಿ ಅಂತ ಅಂಗಳದಾಗೆ ಮೊರದ ಮೇಲೆ ಹರವಿ, ಇಡೀ ದಿನ ಅಂಗಡಿಗೆ ರಜೆ ಹಾಕಿ ಬಿಸಿಲಿಗೆ ಕಾವಲು ಕುಂತೆ. ನಮ್ಮವ್ವ ಕಲ್ಲಮ್ಮ ಕಟ್ಟೆ ಮೇಲೆ ಹೂಬತ್ತಿ ಹೊಸೀತಾ ಎಲ್ಲಾ ನೋಡ್ತಿದ್ಲು.

"ಏನೋ ಅದು, ಸಂಡಿಗೇನು?"

"ಕೇಪು ಕಣವ್ವಾ!"

"ಹೂಂ. ಇರುವೆ ಹತ್ಯಾವೆ ನೋಡು," ಅಂದು ಮತ್ತೆ ಬತ್ತಿಗೆ ತಿರುಗಿದ್ಲು. ನಾನು ಇರುವೆ ಊದಿ ಊದಿ ಓಡಿಸಿದೆ. ಕೇಪಿಗೆ ಇರುವೆ ಯಾಕೆ ಬಂತು ಅಂತ ಒಂದು ಕ್ಷಣನೂ ಯೋಚನೆ ಮಾಡಲಿಲ್ಲ. ನನ್ನ ತಲೆ ಅವತ್ತು ಬರೀ ರುಮಾಲು ಸುತ್ತಾಕೆ ಇತ್ತು ಅನ್ಸತೈತೆ.

ಮರುದಿನ ಬೆಳಿಗ್ಗೆ ಮತ್ತೆ ಅದೇ ಬದು, ಅದೇ ರುಮಾಲು, ಅದೇ ಗಡವ. ಟಿಕ್! ಟಿಕ್! ಟಿಕ್! ಈ ಸಲ ಗಡವ ತಿರುಗಿನೂ ನೋಡಲಿಲ್ಲ. ಅವಮಾನ ಅಂದ್ರೆ ಇದು!

"ರೀ, ಕೈ ಮುಗೀತೀನಿ, ತೆನೆ ಮುರಿಸ್ಬಿಡಾನ," ಅಂದ್ಲು ಹೇಮಾವತಿ.

"ಈ ಕೇಪು ಮಾರಿದ ಪುಣ್ಯಾತ್ಮನ್ನ ಹೊನ್ನಾಳಿಗೇ ಹೋಗಿ ವಿಚಾರಿಸ್ಕಂಡು ಬರ್ತೀನಿ! ಅಲ್ಲೀವರೆಗೆ ಒಂದು ತೆನೆ ಮುಟ್ಟಬ್ಯಾಡ! ಇದು ನನ್ನ ಮರ್ಯಾದೆ ಪ್ರಶ್ನೆ!" ಅಂತ ಬೈಕು ಹತ್ತಿದೆ.

ಹೊನ್ನಾಳಿಯಾಗೆ ಮದ್ದು, ಕೇಪು ಮಾರೋ ಲೈಸೆನ್ಸ್ ಇರೋದು ಬೆನಕಪ್ಪನೋರಿಗೆ. ಎಪ್ಪತ್ತು ದಾಟಿದ ಮುದುಕ, ನಮ್ಮಪ್ಪನ ಕಾಲದ ಪರಿಚಯ. ಅವರು ಊಟಕ್ಕೆ ಹೋಗಿ, ನಿದ್ದೆ ಮಾಡಿ, ಅಂಗಡಿಗೆ ಬರೋ ಹೊತ್ತಿಗೆ ಗಂಟೆ ಮೂರಾಗಿತ್ತು. ಅಷ್ಟೊತ್ತೂ ಮೆಟ್ಟಿಲ ಮೇಲೆ ಕುಂತು ಬಯ್ಯೋ ಮಾತೆಲ್ಲ ಬಾಯಿಪಾಠ ಮಾಡಿಟ್ಕಂಡಿದ್ದೆ.

"ಏನ್ರೀ ಬೆನಕಪ್ಪಾರೇ, ನೀವು ಕೊಟ್ಟಿದ್ದು ಕೇಪೋ, ಪೆಪ್ಪರ್‌ಮೆಂಟೋ? ಏಳಕ್ಕೆ ಏಳೂ ಟಿಕ್! ಮಂಗನ ಮುಂದೆ ನನ್ನ ಮಾನ ಹೋತಲ್ರೀ!"

ಬೆನಕಪ್ಪ ಎದ್ದು ಪೆಟ್ಟಿಗೆ ಇಳಿಸಿದ್ರು, ನಂಗೆ ಕೇಪು ಕೊಟ್ಟಿದ್ದೂ ಅದರಿಂದ್ಲೇ. ಅದೇ ಪೆಟ್ಟಿಗೆಯಿಂದ ಒಂದು ಕೇಪು ತೆಗೆದು, ಹಿತ್ತಲಿಗೆ ಹೋಗಿ ಖಾಲಿ ಬಂದೂಕಿಗೆ ಇಟ್ಟು ಹೊಡೆದ್ರು. ಫಟ್! ಕಿವಿ ಗುಂಯ್ ಅಂತು. ಇನ್ನೊಂದು. ಫಟ್! ಆಮೇಲೆ ನನ್ನ ಡಬ್ಬಿ ಇಸ್ಕಂಡು, ಕನ್ನಡಕ ಹಾಕ್ಕಂಡು ಒಳಗೆ ಇಣುಕಿದ್ರು. ಮೂಸಿದ್ರು. ಮತ್ತೆ ಮೂಸಿದ್ರು.

"ಗುರುಬಸವಾ."

"ಏನ್ರಿ?"

"ಬಾಳೆಹಣ್ಣಿನ ವಾಸನೆ ಬರತೈತಲ್ಲೋ."

ನಾನೂ ಬಗ್ಗಿ ಮೂಸಿದೆ. ಅವರು ಕಡ್ಡಿಯಿಂದ ಡಬ್ಬಿ ಮೂಲೆ ಕೆರೆದ್ರು. ಕುಂಕುಮ ಬಂತು. ಅರಿಶಿನದ ಅಕ್ಕಿಕಾಳು ಬಂತು. ಹಿಂದೆನೇ ಮೂರು ಇರುವೆನೂ ಬಂದ್ವು.

"ಐವತ್ತು ವರ್ಷ ಅಂಗಡಿ ಮಾಡೀನಿ. ಮಳೆಗೆ ನೆಂದ ಕೇಪು ನೋಡೀನಿ, ತುಕ್ಕು ಹಿಡಿದ ಕೇಪು ನೋಡೀನಿ. ಪಂಚಾಮೃತ ಕುಡಿದ ಕೇಪು ಇದೇ ಮೊದಲು! ಆಯುಧ ಪೂಜೆ ಯಾರಪ್ಪಾ ಮಾಡಿದ್ದು?"

ತಕ್ಷಣ ನನ್ನ ತಲೆಗೆ ಬೆಳಕು ಹೊಳೀತು. ಹೇಮಾವತಿ! ಪೂಜೆ ಸಾಮಾನೆಲ್ಲ ಅವಳ ಕೈಯಾಗೇ ಇರೋದು! ಅಯ್ಯೋ, ಗಂಡನ ಬಂದೂಕನ್ನ ಮೂಕ ಮಾಡಿ, ಮೇಲೆ ಸೈಲೆಂಟ್ ಮೋಡ್ ಅಂತ ಅಣಕಿಸ್ತಾಳೆ! ಹೊಸ ಕೇಪು ತಗಂಡು ಬೈಕು ಓಡಿಸಿದೆ ನೋಡ್ರಿ, ಗೋವಿನಕೋವಿಗೆ ಬಂದಿದ್ದೇ ಗೊತ್ತಾಗಲಿಲ್ಲ. ದಾರಿಯುದ್ದಕ್ಕೂ ಅವಳು ಕ್ಷಮೆ ಕೇಳೋ ದೃಶ್ಯನೇ ಕಣ್ಣ ಮುಂದೆ. ನಾನು ಮೊದಲು ಬಿಗುವಾಗಿದ್ದು, ಆಮೇಲೆ ದೊಡ್ಡ ಮನಸ್ಸು ಮಾಡಿ ಕ್ಷಮಿಸೋದು ಅಂತ ತೀರ್ಮಾನನೂ ಆಗಿತ್ತು.

ಮನೇಲಿ ಅವ್ವ ಒಬ್ಬಳೇ ಇದ್ಲು.

"ಎಲ್ಲವ್ವಾ ಅವಳು? ಆಯುಧ ಪೂಜೆ ದಿನ ಕೇಪಿನ ಡಬ್ಬಿಗೆ ಪಂಚಾಮೃತ ಹುಯ್ದು, ಬಂದೂಕು ಹಾಳು ಮಾಡ್ಯಾಳೆ!"

ಅವ್ವ ಹತ್ತಿ ಕೆಳಗಿಟ್ಲು. "ಅವಳು ಹುಯ್ದಿದ್ದಾ? 'ರೀ, ಡಬ್ಬಿ ಬ್ಯಾಡ, ಒಳಗಿಡ್ರಿ' ಅಂತ ಬಡ್ಕಂಡೋಳು ಅವಳು. ನೀನು ಮಡಿ ಪಂಚೆ ಉಟ್ಕಂಡು ಏನಂದಿ? 'ಬರೀ ಬಂದೂಕಿಗೆ ಪೂಜೆ ಮಾಡಿದ್ರೆ ಆತೇನು? ಕೆಲಸ ಮಾಡೋದು ಕೇಪು! ಒಂದೊಂದಕ್ಕೂ ದೇವರ ಆಶೀರ್ವಾದ ಮುಟ್ಟಬೇಕು!' ಅಂತ ಮುಚ್ಚಳ ತೆಗೆದು ಅರ್ಧ ಲೋಟ ಹುಯ್ದಿ. ಮುಟ್ಟಿತೋ ಇಲ್ಲೋ ಅಂತ ಡಬ್ಬಿ ಅಲುಗಾಡಿಸಿ ಬ್ಯಾರೆ ನೋಡಿದಿ!"

ನಂಗೆ ಎಲ್ಲಾ ನೆನಪಾತು. ಅಲುಗಾಡಿಸಿದ್ದೂ ನೆನಪಾತು.

"ನಿಮ್ಮಪ್ಪ ಡಬ್ಬಿನ ಜೇಬಿನಾಗೆ ಇಟ್ಕಂಡು ಪೂಜೆಗೆ ಕೂರ್ತಿದ್ದ," ಅಂದ್ಲು ಅವ್ವ. "ಹೋಗು, ಹೇಮಾ ಹೊಲದಾಗೆ ಅದಾಳೆ."

ತಪ್ಪು ನಂದೇ ಆದ್ರೂ ಹೊಸ ಕೇಪು ಕೈಯಾಗಿತ್ತಲ್ಲ! ಒಂದೇ ಒಂದು ಸಲ ಢಂ ಅನಿಸಿಬಿಟ್ರೆ ಎರಡು ದಿನದ ಅವಮಾನ ತೊಳೆದು ಹೋಗತೈತೆ. ಬಂದೂಕು ಎತ್ಕಂಡು ಹಿತ್ತಲ ಬಾಗಿಲಿಂದ ಬದುವಿಗೆ ಓಡಿದೆ. ಗಿಡ ನಿಂತ ಹಂಗೇ ನಿಂತಿದ್ವು. ಬದುವಿನ ಪಕ್ಕದ ಸಾಲಿನಾಗೆ ಅದೇ ಗಡವ, ಅದೇ ಸಂಸಾರ, ನೆಮ್ಮದಿಯಾಗಿ ಕುಂತು ತಿಂತಾ ಇದ್ವು. ಬಾ ಮಗನೇ! ಮದ್ದು, ನಾರು, ಹೊಸ ಕೇಪು. ಬಂದೂಕಿನ ಬಾಯಿ ಆಕಾಶಕ್ಕೆ.

ಢಂ!

ಏನು ಶಬ್ದ ಅಂತೀರಿ! ಕಾಗೆ ಎದ್ವು, ಕೊಕ್ಕರೆ ಎದ್ವು, ಪಕ್ಕದ ಮನೆ ನಾಯಿ ಅವತ್ತು ರಾತ್ರಿ ಊಟಕ್ಕೂ ಬರಲಿಲ್ಲವಂತೆ. ಮಂಗಗಳು ಕೈಗೆ ಸಿಕ್ಕಿದ ತೆನೆ ಹಿಡ್ಕಂಡು ಚೆಲ್ಲಾಪಿಲ್ಲಿಯಾಗಿ ಓಡಿದ್ವು. ನಾನು ಹೊಗೆ ಮಧ್ಯೆ ಎದೆ ಉಬ್ಬಿಸಿ ನಿಂತೆ. ಅಪ್ಪ ಇದ್ದಿದ್ರೆ ಅಪ್ಪಿಕೊಳ್ತಿದ್ದ!

ಹೊಗೆ ತಿಳಿಯಾದಾಗ ಹೊಲದ ಆ ಕಡೆ ಹೇಮಾವತಿ ಕಂಡ್ಲು. ಅವಳ ಹಿಂದೆ ಟ್ರ್ಯಾಕ್ಟರ್. ಟ್ರ್ಯಾಕ್ಟರ್ ಹಿಂದೆ ಟ್ರೇಲರ್. ಟ್ರೇಲರ್ ತುಂಬಾ ತೆನೆ! ತಿಪ್ಪೇಶಪ್ಪ ಮೇಲೆ ನಿಂತು ಕೊನೇ ಚೀಲ ಎಳ್ಕಳ್ತಿದ್ದ.

ನಾನು ಪಕ್ಕದ ಗಿಡ ಹಿಡಿದು ನೋಡಿದೆ. ತೆನೆ ಇಲ್ಲ. ಅದರ ಹಿಂದಿನದು. ಇಲ್ಲ. ಇಡೀ ಹೊಲದಾಗೆ ಬರೀ ಬೋಳು ದಂಟು ನಿಂತಿದ್ವು.

"ನೀವು ಹೊನ್ನಾಳಿಗೆ ಹೊರಟಿದ್ದೇ ತಡ, ಹತ್ತು ಆಳು ಇಳಿಸ್ಬಿಟ್ಟೆ," ಅಂದ್ಲು ಹೇಮಾವತಿ, ಬೆವರು ಒರೆಸ್ಕಳ್ತಾ. ಎರಡು ದಿನದ ಮೇಲೆ ಅವಳ ಮುಖದಾಗೆ ನಗು ನೋಡಿದೆ. "ಆರು ತಿಂಗಳ ಗೇಯ್ಮೆ ರೀ. ನಿಮ್ಮ ಮರ್ಯಾದೆ ಕಾಯ್ತಾ ಕುಂತಿದ್ರೆ ನನ್ನ ಜೋಳ ಹೋಗ್ತಿತ್ತು."

"ಮತ್ತೆ ಈ ಮಂಗ? ನಾನು ಓಡಿಸಿದ್ದು?"

"ಬದುವಿನ ಸಾಲೊಂದನ್ನ ಅವುಕ್ಕೇ ಅಂತ ನಾನೇ ಬಿಟ್ಟಿದ್ದೆ. ಅದನ್ನ ತಿಂತಾ ಬೆಳಿಗ್ಗೆಯಿಂದ ಈ ಕಡೆ ತಲೆನೇ ಹಾಕಿರಲಿಲ್ಲ. ಪಾಪ, ಊಟಕ್ಕೆ ಕುಂತವನ್ನ ಎಬ್ಬಿಸಿದ್ರಲ್ರೀ!"

ನಾನು ಬಂದೂಕು ಇಳಿಸಿ ಮನೆ ಕಡೆ ತಿರುಗಿದೆ. ನಮ್ಮ ಮನೆ ಹೆಂಚಿನ ಮೇಲೆ ಗಡವನ ಸಂಸಾರ ಸಾಲಾಗಿ ಕುಂತಿತ್ತು. ಒಂದೊಂದರ ಕೈಯಾಗೂ ಒಂದೊಂದು ತೆನೆ. ಗಡವನ ಕೈಯಾಗೆ ಎರಡು.

ಹೇಮಾವತಿ ನನ್ನ ಪಕ್ಕ ಬಂದು ನಿಂತು, ಅವನ್ನೇ ನೋಡ್ತಾ ಮೆಲ್ಲಗೆ ಕೇಳಿದ್ಲು.

"ರೀ, ನಾಳೆ ನ್ಯಾಮತಿಗೆ ಹೋಗ್ತೀರಲ್ಲ, ಆಧಾರ್ ಕಾರ್ಡ್ ಬ್ಯಾಗಿನಾಗೆ ಇಟ್ಟುಬಿಡ್ಲೇನು?"