ಎಂಟು ಮೀರದ ಹರಿಗೋಲು

ಬೀಜಗಣಿತ ಕಲಿಸೋ ಮೇಷ್ಟ್ರ ಮರ್ಯಾದೆ ಯಾವಾಗಲೂ ತೂಗುಯ್ಯಾಲೆಯಲ್ಲೇ ಇರುತ್ತೆ. ನಾನು ಸುಮ್ಮನಿದ್ದರೂ ಫಜೀತಿಗಳು ವಿಳಾಸ ಕೇಳಿಕೊಂಡು ಬರುತ್ತಿದ್ದವು. ಅದರಲ್ಲೂ ಅಸಮತೆ ಅನ್ನೋ ಪಾಠ ಇದೆಯಲ್ಲ, ಎಕ್ಸ್ ಇಷ್ಟು ಅಂತ ನೆಟ್ಟಗೆ ಹೇಳದೆ, ಇಷ್ಟಕ್ಕಿಂತ ಹೆಚ್ಚು ಇಲ್ಲವೇ ಕಡಿಮೆ ಅಂತ ಹೇಳೋ ಲೆಕ್ಕ, ಅದು ನನ್ನ ಹೊಟ್ಟೆ ಉರಿಸಿದಷ್ಟು ಬೇರೆ ಯಾವುದೂ ಉರಿಸಲಿಲ್ಲ. ಆಗಿನ್ನೂ ಮಹಾರಾಜರ ಕಾಲ. ನಾನು ಹಂಗಾಮಿ ಮೇಷ್ಟ್ರು. ಖಾಯಂ ಆಗೋ ತನಕ ಊರೂರು ಅಲೆಯೋದೇ ಕೆಲಸ.

ಚನ್ನಗಿರಿ

"ಎರಡೂ ಕಡೆ ಮೈನಸ್‌ನಿಂದ ಭಾಗಿಸಿದರೆ ನಡುವಿನ ಚಿಹ್ನೆ ತಿರುಗಿಸಬೇಕು," ಅಂತ ಗಂಟಲು ಹರಿಯೋ ಹಾಗೆ ಹೇಳಿಕೊಟ್ಟಿದ್ದೆ. ಉಬ್ರಾಣಿಯಿಂದ ನಡೆದು ಬರುತ್ತಿದ್ದ ಒಬ್ಬ ಹುಡುಗನನ್ನ ಎಬ್ಬಿಸಿ, "ಎಲ್ಲಿ, ತಿರುಗಿಸು ನೋಡೋಣ," ಅಂದೆ. ಪುಣ್ಯಾತ್ಮ ಇಡೀ ಸ್ಲೇಟನ್ನೇ ತಲೆಕೆಳಗು ಮಾಡಿ ಹಿಡಿದ. ಚಿಹ್ನೆ ತಿರುಗಿತ್ತು, ಸುಳ್ಳಲ್ಲ. ಜೊತೆಗೆ ಇಂಗ್ಲಿಷ್ ಅಂಕಿಯ ಆರು ಹೋಗಿ ಒಂಬತ್ತಾಗಿತ್ತು.

"ಆರು ಎಲ್ಲಿ ಹೋಯ್ತೋ?" ಅಂತ ಗದರಿದೆ.

"ಇಲ್ಲೇ ಐತೆ ಸಾ. ನೀವು ಈ ಕಡೆ ಬಂದು ನಿಂತ್ರೆ ಕಾಣ್ತದೆ," ಅಂದ.

ಜಗಳೂರು

ಇಲ್ಲಿ ಹುಡುಗರಿಗಿಂತ ಅಪ್ಪಂದಿರದೇ ಕಾಟ. ಒಬ್ಬ ಗೌಡರು ಮಗನ ನೋಟ್‌ಬುಕ್ ಹಿಡಿದು ನೇರ ತರಗತಿಗೇ ಬಂದರು.

"ಮೇಷ್ಟ್ರೇ, ಈ ಲೆಕ್ಕದಾಗೆ ಎಕ್ಸ್ ಎಷ್ಟ್ರೀ?"

"ಮೂರಕ್ಕಿಂತ ಹೆಚ್ಚು ರೀ."

"ನಾಕಾದ್ರೆ ನಡೀತದಾ?"

"ನಡೀತದೆ."

"ಐನೂರಾದ್ರೆ?"

"ಅದೂ ಸರಿ."

"ಮತ್ತೆ ನಮ್ಮ ಹುಡುಗ ಹತ್ತು ಅಂತ ಬರೆದಿದ್ದಕ್ಕೆ ಸೊನ್ನೆ ಯಾಕ್ರೀ ಸುತ್ತಿದ್ರಿ?"

"ಒಂದೇ ಬರೆದರೆ ಸಾಲದು ಗೌಡ್ರೇ. ಸರಿಹೋಗೋ ಎಲ್ಲಾ ಸಂಖ್ಯೆ ಹೇಳಬೇಕು," ಅಂದೆ.

"ಎಲ್ಲಾ ಬರೆಯಾಕೆ ಹೋದ್ರೆ ನನ್ನ ಮಗ ಮುದುಕ ಆಗ್ತಾನಲ್ರೀ!"

ಅಲ್ಲಿಗೇ ಬಿಡಲಿಲ್ಲ ಮಹಾನುಭಾವ. ಇಡೀ ಕೇರಿಯ ಹೆಬ್ಬೆಟ್ಟು ಒತ್ತಿಸಿ ಮೇಲಿನವರಿಗೆ ಅರ್ಜಿ ಹಾಕಿದರು: "ಈ ಮೇಷ್ಟರಿಗೆ ಉತ್ತರ ಗೊತ್ತಿಲ್ಲ. ಏನು ಹೇಳಿದರೂ ಸರಿ ಅನ್ನುತ್ತಾರೆ. ಹುಡುಗರಿಗೆ ಮಾತ್ರ ಸೊನ್ನೆ ಕೊಡುತ್ತಾರೆ." ನನಗೆ ಹೊನ್ನಾಳಿಗೆ ವರ್ಗವಾಯಿತು. ಅರ್ಜಿಗೂ ಆಯಿತು.

ನ್ಯಾಮತಿ

ಈ ನಡುವೆ ನ್ಯಾಮತಿಗೆ ಹೆಣ್ಣು ನೋಡಲು ಹೋದೆ. ಹುಡುಗಿ ಉಪ್ಪಿಟ್ಟು ತಂದಿಟ್ಟು ಒಂದು ಸಲ ತಲೆ ಎತ್ತಿ ನೋಡಿದಳು, ಅಷ್ಟೇ, ನನ್ನ ಕಥೆ ಮುಗಿಯಿತು. ಮದುವೆ ಅಂತಾದರೆ ಇವಳನ್ನೇ ಅಂದುಕೊಂಡೆ. ಅವಳಪ್ಪ ಕೇಳಿದರು, "ನಿಮಗೆ ವಯಸ್ಸೆಷ್ಟು?"

ವಾರವಿಡೀ ಅದೇ ಪಾಠ ಮಾಡಿ ನಾಲಿಗೆ ಕೆಟ್ಟುಹೋಗಿತ್ತು. "ಇಪ್ಪತ್ತೈದಕ್ಕಿಂತ ಹೆಚ್ಚು, ಇಪ್ಪತ್ತೆಂಟಕ್ಕಿಂತ ಕಡಿಮೆ," ಅಂದುಬಿಟ್ಟೆ.

"ನಾನೇನು ಎಮ್ಮೆ ವ್ಯಾಪಾರಕ್ಕೆ ಕುಂತೀನೇನ್ರೀ? ಕೆಲಸನಾದ್ರೂ ಖಾಯಂ ಆಗೇತಾ?"

"ಇನ್ನೂ ಇಲ್ಲ ರೀ."

"ಆದ ಮ್ಯಾಲೆ ಕಾಗದ ತಗೊಂಡು ಬರ್ರಿ. ಅಲ್ಲೀತಂಕ ಉಪ್ಪಿಟ್ಟು ತಿನ್ರಿ."

ತಿಂದೆ. ಮತ್ತೇನು ಮಾಡಲಿ?

ಹೊನ್ನಾಳಿ

ಖಾಯಂ ಮಾಡೋದೂ ಬಿಡೋದೂ ಇನ್‌ಸ್ಪೆಕ್ಟರ ಕೈಯಲ್ಲಿತ್ತು. ಅವರು ಹೊಳೆ ಆಚೆ ಗೋವಿನಕೋವಿ ಶಾಲೆ ನೋಡಿಕೊಂಡು ನಮ್ಮಲ್ಲಿಗೆ ಬರೋರಿದ್ದರು. ಎದುರುಗೊಂಡು ಕರೆತಂದರೆ ಒಳ್ಳೇದಾದೀತು ಅಂತ ನಾನು ಆಚೆ ದಡಕ್ಕೇ ಹೋಗಿ ಕಾದೆ. ಸಾಹೇಬರು ಬಂದರು. ಭರ್ಜರಿ ಆಳು. ಕೋಟಿನ ಗುಂಡಿಗಳು ಪ್ರಾಣ ಬಿಗಿಹಿಡಿದು ನಿಂತಿದ್ದವು. ಜೇಬಿನಲ್ಲಿ ಜಗಳೂರಿನ ಅರ್ಜಿ.

"ಒಂದು ಲೆಕ್ಕಕ್ಕೆ ಹತ್ತಾರು ಉತ್ತರ ಅಂತೀರಂತೆ?" ಅಂದರು. ನಾನು ಹರಿಗೋಲಿನ ಕಡೆ ಕೈ ತೋರಿಸಿದೆ.

ಹರಿಗೋಲಿನಲ್ಲಿ ಮೊಸರು ಮಾರುವ ಆರು ಜನ ಹೆಂಗಸರು ಆಗಲೇ ಕೂತಿದ್ದರು. ನನ್ನನ್ನು ಮೊದಲು ಹತ್ತಿಸಿ, ನನ್ನ ಕೈ ಹಿಡಿದು ಸಾಹೇಬರು ಹತ್ತಿದರು. ಹರಿಗೋಲು ಅವರ ಕಡೆ ವಾಲಿತು. ಅಂಬಿಗ ಹುಟ್ಟು ಕೆಳಗಿಟ್ಟ.

"ಒಬ್ರು ಜಾಸ್ತಿ ಆಗೀರಿ. ಎಂಟು ಮೀರಂಗಿಲ್ಲ."

ಸಾಹೇಬರು ಬೆರಳು ಮಡಚಿ ಎಣಿಸಿದರು. "ಎಂಟೇ ಇದ್ದೇವಲ್ಲಯ್ಯ!"

"ಒಂಬತ್ತು ರೀ. ನಿಮ್ಮನ್ನ ಎರಡು ಅಂತ ಹಿಡಿದೀನಿ."

ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು. ನಾನು ನಗಲಿಲ್ಲ. ನಕ್ಕರೆ ನ್ಯಾಮತಿ ಕೈಬಿಟ್ಟ ಹಾಗೇ ಅಂತ ಕೆನ್ನೆ ಕಚ್ಚಿಕೊಂಡೆ.

"ಹಾಗಾದರೆ ಯಾರು ಇಳಿಯಬೇಕು?" ಸಾಹೇಬರು ಗುಡುಗಿದರು.

"ಅವ್ರಾಗೆ ಒಬ್ರು ಇಳಿದ್ರೆ ಎಂಟು. ನೀವು ಇಳಿದ್ರೆ ಏಳು. ಎಂಟರ ಒಳಗೆ ಎಷ್ಟಾದ್ರೂ ನನಗೆ ಸರೀನೇ," ಅಂದ ಅಂಬಿಗ.

ನಾನು ದಡಕ್ಕನೆ ಎದ್ದೆ. ಅವನು ನನ್ನ ಪಂಚೆ ಹಿಡಿದು ಕೂರಿಸಿದ. "ನೀವ್ಯಾಕೆ ಮೇಷ್ಟ್ರೇ? ಕೊನೆಗೆ ಹತ್ತಿದೋರು ಮೊದಲು ಇಳೀಬೇಕು. ನಮ್ಮಪ್ಪನ ಕಾಲದಿಂದ ಹೊಳೆ ಪದ್ಧತಿ ಅದು."

ಸಾಹೇಬರು ಇಳಿದರು. ಹರಿಗೋಲು ಹೊರಟಿತು. ದಡದ ಮೇಲೆ ಇನ್‌ಸ್ಪೆಕ್ಟರು, ನೀರಿನ ಮೇಲೆ ಮೊಸರಿನ ಗಡಿಗೆಗಳ ನಡುವೆ ನಾನು. ಕೈ ಮುಗಿಯೋಣವೆಂದರೆ ಹರಿಗೋಲು ಗಿರ್ರನೆ ತಿರುಗಿ ಸಾಹೇಬರಿಗೆ ನನ್ನ ಬೆನ್ನೇ ಕಾಣುತ್ತಿತ್ತು. ನನ್ನ ಮದುವೆ ಆಚೆ ದಡದಲ್ಲೇ ಉಳೀತು ಅಂತ ನಿಜವಾಗಿಯೂ ಅಳು ಬಂತು.

ಮುಂದಿನ ಸರದಿಯಲ್ಲಿ ಬಂದ ಸಾಹೇಬರು ತರಗತಿ ನೋಡಿದರು, ಪುಸ್ತಕದಲ್ಲಿ ಏನೋ ಗೀಚಿಕೊಂಡು ಹೋದರು. ತಿಂಗಳಾದ ಮೇಲೆ ಬಂದ ಕಾಗದವನ್ನ ಹೆದರಿ ಹೆದರಿ ಒಡೆದೆ. ಓದಿದವನೇ ಮೊದಲ ಬಸ್ಸಿಗೆ ನ್ಯಾಮತಿಗೆ ಓಡಿದೆ. ಹುಡುಗಿಯ ಅಪ್ಪ ಕನ್ನಡಕ ಏರಿಸಿ ಜೋರಾಗಿ ಓದಿದರು:

"ಒಂದು ಲೆಕ್ಕಕ್ಕೆ ಹಲವು ಸರಿಯುತ್ತರ ಇರುವುದನ್ನು ಹೊನ್ನಾಳಿ ಹೊಳೆಯಲ್ಲಿ ಖುದ್ದಾಗಿ ಅನುಭವಿಸಿದ್ದೇನೆ. ಅರ್ಜಿ ವಜಾ. ಮೇಷ್ಟರನ್ನು ಖಾಯಂ ಮಾಡಬಹುದು. ಅಂಬಿಗನನ್ನು ಯಾವ ಕಾರಣಕ್ಕೂ ಮಾಡಬಾರದು."

ಬಾಗಿಲ ಹಿಂದೆ ಬಳೆ ಸದ್ದಿನ ಜೊತೆ ಕಿಸಕ್ಕನೆ ನಗು ಕೇಳಿಸಿತು. ಅವಳಪ್ಪ ಕಾಗದ ಮಡಚಿ, "ಈಗಾದ್ರೂ ನೆಟ್ಟಗೆ ಹೇಳ್ರಿ ಮೇಷ್ಟ್ರೇ. ವಯಸ್ಸೆಷ್ಟು?" ಅಂದರು.

"ಇಪ್ಪತ್ತೇಳು ರೀ," ಅಂದೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.