ಊಟದ ಮೇಜಿನ ಮೇಲೊಂದು ವಿಮಾನ

ಈ ಸಲದ ಸ್ಪರ್ಧೆಯಲ್ಲಿ ನನ್ನ ವಿಮಾನ ಬೀಳುವುದಿಲ್ಲ ಎಂದು ಸಮಸ್ತ ಕುಟುಂಬದ ಎದುರು ಘೋಷಿಸಿದೆ. ಸಮಸ್ತ ಕುಟುಂಬ ಎಂದರೆ ಹೆಂಡತಿ ಮತ್ತು ಮಗಳು. ನಾನು ಕಟ್ಟಿದ ಹಿಂದಿನ ವಿಮಾನಗಳೆಲ್ಲ ಬಿದ್ದಿದ್ದವು. ಕೊನೆಯದಂತೂ ನಮ್ಮ ಡ್ರೋನ್ ಕ್ಲಬ್ಬಿನ ಅಧ್ಯಕ್ಷರ ಟೋಪಿಯ ಮೇಲೇ ಇಳಿದಿತ್ತು.

"ಸರಿ," ಎಂದಳು ಹೆಂಡತಿ. "ಇದೂ ಬಿದ್ರೆ ಊಟದ ಮೇಜು ನಮಗೆ ವಾಪಸ್."

ಕೇಳಿದ್ದು ನ್ಯಾಯವೇ. ಮೇಜಿನ ತುಂಬಾ ವಿಮಾನ ರೆಕ್ಕೆ ಚಾಚಿ ಮಲಗಿತ್ತು. ನಾವು ಮೂವರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೆವು. ಆದರೆ ಮೇಜು ಹೋದರೆ ನನ್ನ ಕಾರ್ಖಾನೆಯೇ ಮುಚ್ಚಿದಂತೆ!

ನಾನೇ ರಿಮೋಟ್ ಹಿಡಿದಿದ್ದರಿಂದ ಅವು ಬಿದ್ದವು ಎಂಬುದು ನನ್ನ ಸಂಶೋಧನೆ. ಆದ್ದರಿಂದ ವಿಮಾನವನ್ನು ತಾನೇ ಹಾರಿಸುವ ಆಟೊಪೈಲಟ್ ಡಬ್ಬಿ ಬೇಕಿತ್ತು. ಸಿಗುತ್ತಿದ್ದುದು ಎರಡು ಬಗೆ. ಒಂದು ಚಿಕ್ಕದು, ಹೇಳಿದ್ದಷ್ಟೇ ಮಾಡುವಂಥದ್ದು. ಇನ್ನೊಂದು ದೊಡ್ಡದು, ಹೇಳದ್ದನ್ನೂ ಮಾಡುವಂಥದ್ದು. ಊಟ ನಿದ್ದೆ ಬಿಟ್ಟು ಎರಡನ್ನೂ ಹೋಲಿಸಿದೆ.

"ಒಂದು ಡಬ್ಬಿಗೆ ಇಷ್ಟು ಯೋಚನೆನಾ? ನನ್ನ ಮದುವೆ ಆಗೋವಾಗ ಇಷ್ಟು ಯೋಚಿಸಿದ್ರಾ?"

"ಆಗ ಹೋಲಿಸಿ ನೋಡೋ ವೆಬ್‌ಸೈಟ್ ಇರಲಿಲ್ಲ ಕಣೇ."

ಅಂದು ಸಂಜೆ ನನಗೆ ಕಾಫಿ ಬರಲಿಲ್ಲ. ದೊಡ್ಡ ಡಬ್ಬಿಯನ್ನೇ ತರಿಸಿದೆ.

ಜೊತೆಗೆ ಗಾಳಿವೇಗದ ಸೆನ್ಸರ್. ರೆಕ್ಕೆಯಿಂದ ಮುಂದಕ್ಕೆ ಚಾಚಿದ ಸಣ್ಣ ಕೊಳವೆ ಅದು. ಎದುರಿನ ಗಾಳಿ ಅದರೊಳಗೆ ನುಗ್ಗಿದರೆ ವಿಮಾನಕ್ಕೆ ತನ್ನ ವೇಗ ತಿಳಿಯುತ್ತದೆ. ವೇಗ ಇಳಿಯಿತು ಎನಿಸಿದರೆ ಆಟೊಪೈಲಟ್ ತಾನೇ ಏರಿಸುತ್ತದೆ; ತೀರಾ ಇಳಿದರೆ ಅಧ್ಯಕ್ಷರ ಟೋಪಿಯೇ ಗತಿ. ಇದ್ದವುಗಳಲ್ಲೆಲ್ಲ ಸೂಕ್ಷ್ಮವಾದದ್ದನ್ನು ಆರಿಸಿದೆ. ಉಸಿರು ಬಿಟ್ಟರೂ ಗುರುತು ಹಿಡಿಯುವಂಥದ್ದು.

ಆ ಕೊಳವೆಗೆ ಮೊದಲು 'ಗಾಳಿ ಇಲ್ಲ ಎಂದರೆ ಇದು' ಎಂದು ಸೊನ್ನೆ ಕಲಿಸಬೇಕು. ಬೇರೆಯವರು ಮೈದಾನದಲ್ಲೇ ಕೊಳವೆಗೆ ಬಟ್ಟೆ ಮುಚ್ಚಿ ಕಲಿಸುತ್ತಾರೆ. ನಾನು ಅಂಥ ಅರೆಬರೆ ಕೆಲಸದವನಲ್ಲ. ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿದೆ, ಫ್ಯಾನ್ ಆರಿಸಿದೆ, ಸೀನಕೂಡದೆಂದು ಮಗಳಿಗೆ ಆಜ್ಞೆ ಹೊರಡಿಸಿದೆ. ಕಲಿಸುವ ವಿಧಾನದ ವಿಡಿಯೊ ಕೇಳಲು ಹೆಡ್‌ಫೋನ್ ಹಾಕಿಕೊಂಡು, ವಿಮಾನದ ಮೂತಿಗೆ ಎದುರಾಗಿ ಕೂತೆ. ಧಾರಾಕಾರ ಬೆವರು. ಆದರೆ ಗುಂಡಿ ಒತ್ತುವ ಹೊತ್ತಿಗೆ ಬೆನ್ನಿಗೆ ಹಾಯೆನಿಸಿತು. ಒಳ್ಳೆಯ ಕೆಲಸ ಮಾಡುವವನಿಗೆ ಮೈಮನ ತಂಪಾಗುವುದು ಸಹಜ ಎಂದುಕೊಂಡು ಆ ಸೊನ್ನೆಯನ್ನು ಶಾಶ್ವತವಾಗಿ ಉಳಿಸಿಬಿಟ್ಟೆ.

ಕ್ಲಬ್ಬಿನ ಸ್ಪರ್ಧೆಯ ದಿನ ಎದುರುಗಾಳಿ ಜೋರಾಗಿತ್ತು. ಎರಡು ಬಾವುಟಗಳ ನಡುವೆ ಓಟ. ಎಲ್ಲರ ವಿಮಾನಗಳೂ ಗಾಳಿಗೆ ಸಿಕ್ಕಿ ನಿಂತಲ್ಲೇ ಏದುಸಿರು ಬಿಡುತ್ತಿದ್ದರೆ, ನನ್ನದು ಸಾಲ ಕೊಟ್ಟವನನ್ನು ಕಂಡವನ ಹಾಗೆ ಓಡಿತು! ಮೊದಲ ಬಹುಮಾನ. ಮೇಜು ಉಳಿಯಿತು. ಖುಷಿಗೆ ನನ್ನ ಕಣ್ಣು ತುಂಬಿತು. ಕಪ್ ಎತ್ತಿ ಹಿಡಿದು, ಸರಿಯಾದ ಸೆನ್ಸರ್ ಆರಿಸುವ ಬಗೆಯನ್ನು ಎಲ್ಲರಿಗೂ ಕೂಗಿ ಹೇಳತೊಡಗಿದೆ.

ಅಧ್ಯಕ್ಷರು ನನ್ನ ಲ್ಯಾಪ್‌ಟಾಪಿನಲ್ಲಿ ಹಾರಾಟದ ದಾಖಲೆ ನೋಡುತ್ತಿದ್ದರು. ಹಿಂದೆ ನಿಜವಾದ ವಿಮಾನಗಳನ್ನೇ ಹಾರಿಸಿದವರು.

"ಗಾಳಿ ಬೀಸ್ತಾ ಇರುವಾಗ ಇದಕ್ಕೆ ಸೊನ್ನೆ ಕಲಿಸಿದ್ದೀರಿ," ಎಂದರು. "ಪಾಪ, ಎಷ್ಟು ಓಡಿದ್ರೂ ನಿಧಾನ ಆಯ್ತು ಅಂದ್ಕೊಂಡು ಇನ್ನಷ್ಟು ಓಡಿದೆ."

"ಸಾಧ್ಯವೇ ಇಲ್ಲ ಸಾರ್! ನಮ್ಮ ಮನೇಲಿ ಅವತ್ತು ಒಂದು ಕಾಗದಾನೂ ಅಲುಗಲಿಲ್ಲ."

"ರೀ," ಎಂದಳು ಪಕ್ಕದಲ್ಲಿದ್ದ ಹೆಂಡತಿ, ಮೆಲ್ಲಗೆ. "ನೀವು ಅಷ್ಟು ಬೆವರ್ತಾ ಇದ್ರಲ್ಲ ಅಂತ, ನಿಮ್ಮ ಬೆನ್ನ ಹಿಂದೆ ಟೇಬಲ್ ಫ್ಯಾನ್ ಇಟ್ಟಿದ್ದೆ. ನಿಮ್ಮ ಕಿವಿ ಮುಚ್ಚಿತ್ತು."

ಅಧ್ಯಕ್ಷರು ಟೋಪಿ ತೆಗೆದು ಅವಳಿಗೆ ನಮಸ್ಕರಿಸಿದರು. ಕಪ್ ನನ್ನ ಕೈಯಿಂದ ಅವಳ ಕೈಗೆ ಹೇಗೆ ಹೋಯಿತೋ ಗೊತ್ತಾಗಲಿಲ್ಲ.

ಷರತ್ತಿನ ಪ್ರಕಾರ ಮೇಜು ನನ್ನದೇ. ಆದರೆ ಯಾವ ಮುಖ ಇಟ್ಟುಕೊಂಡು ಕೇಳಲಿ? ಮನೆಗೆ ಬಂದವನೇ ವಿಮಾನವನ್ನು ಎತ್ತಿ ಮಂಚದ ಕೆಳಗೆ ತಳ್ಳಿ, ಮೇಜು ಒರೆಸಿ, ಮೂರು ತಟ್ಟೆ ಹಾಕಿದೆ. ಮಗಳು ಕಪ್ಪನ್ನು ತಂದು ಟೇಬಲ್ ಫ್ಯಾನಿನ ಪಕ್ಕದಲ್ಲಿಟ್ಟಳು.

ಹೆಂಡತಿ ಬಡಿಸುತ್ತಾ ಕೇಳಿದಳು:

"ಅವತ್ತು ಫ್ಯಾನ್ ಎರಡರಲ್ಲಿ ಇಟ್ಟಿದ್ದೆ ಕಣ್ರೀ. ಮುಂದಿನ ಸ್ಪರ್ಧೆಗೆ ಮೂರಕ್ಕೆ ತಿರುಗಿಸ್ಲಾ?"